ಭಾಷೆ ಬಾರದ ದೇಶದಲ್ಲಿ ಮಂಡ್ಯದವರು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಐವತ್ತು ದಾಟಿದ ಹೆಂಗಸರು ವಿಮಾನ ಹತ್ತುವುದು ಹೆಚ್ಚಾಗಿ ಬಾಣಂತನಕ್ಕೆ. ಮಗಳೋ ಸೊಸೆಯೋ ಡಲ್ಲಾಸ್‌ನಲ್ಲಿ, ಸಿಡ್ನಿಯಲ್ಲಿ, ಮ್ಯೂನಿಕ್‌ನಲ್ಲಿ ಬಸುರಿ. ಆರು ತಿಂಗಳು ಇದ್ದು ಬರುವ ಲೆಕ್ಕ. ಸೂಟ್‌ಕೇಸಿನ ತುಂಬ ರಾಗಿಹಿಟ್ಟು, ಉಪ್ಸಾರಿನ ಖಾರ, ಓಮ, ಬಜೆ, ಒಣಶುಂಠಿ. ಯಜಮಾನರು ಜೊತೆಗೆ ಹೋಗುವುದೂ ಉಂಟು, "ಗದ್ದೆ ಯಾರ್ ನೋಡ್ಕಂಡರು" ಎಂದು ಊರಲ್ಲೇ ಉಳಿಯುವುದೂ ಉಂಟು. ಹೀಗೆ ಹೋಗುವವರಲ್ಲಿ ಬಹಳ ಮಂದಿಗೆ ಕನ್ನಡ ಬಿಟ್ಟರೆ ಬೇರೆ ಮಾತು ಬರುವುದಿಲ್ಲ. ಇಂಗ್ಲಿಷಂತೂ ಇಲ್ಲ, ಹಿಂದಿಯೂ ಇಲ್ಲ. ಕೋಲಾರದವರಿಗೆ ತೆಲುಗು, ಬೆಳಗಾವಿಯವರಿಗೆ ಮರಾಠಿ, ಕಾಸರಗೋಡಿನವರಿಗೆ ತುಳು, ಮಲಯಾಳ ಎಂಬಂತೆ ಚಿಕ್ಕಂದಿನಿಂದಲೇ ಇನ್ನೊಂದು ಭಾಷೆ ಕಿವಿಗೆ ಬೀಳುವ ಅವಕಾಶ ನಮ್ಮ ಹಳ್ಳಿಗಳಿಗೆ ಕಡಿಮೆ. ಸಂತೆ, ಸೊಸೈಟಿ, ತಾಲ್ಲೂಕು ಕಚೇರಿ, ಕೋರ್ಟಿನ ಬಾಗಿಲವರೆಗೂ ಕನ್ನಡದಲ್ಲೇ ಬದುಕು ಮುಗಿಯುವ ಜಿಲ್ಲೆ ಇದು. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 1974, 1994, 2024 ಹೀಗೆ ಮೂರು ಸಲ ಮಂಡ್ಯದಲ್ಲಿ ನಡೆದಿದೆ. ಆ ಮೊದಲ ಸಲದ ಅಧ್ಯಕ್ಷೆ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ. ಅವರು ಶಾಲೆಯಲ್ಲಿ ಓದಿದ್ದು ಮರಾಠಿ, ಕನ್ನಡವನ್ನು ಆಮೇಲೆ ಪಟ್ಟು ಹಿಡಿದು ಕಲಿತವರು. ಅವರ ಮಾತು ಕೇಳಲು ಅಂದು ನೆರೆದಿದ್ದ ಮಂಡ್ಯದ ಜನಕ್ಕೆ ಅಂಥ ಪಾಡು ಎಂದೂ ಬಂದಿರಲಿಲ್ಲ.

ಹೋಗಿಬಂದವರನ್ನು ಕೇಳಿ ನೋಡಿ. "ಏನೂ ತೊಂದ್ರೆ ಇಲ್ಲ ಕಣಣ್ಣ, ಎಲ್ಲ ನಡೀತದೆ" ಎನ್ನುವವರು ಅರ್ಧ. "ಇನ್ನೊಂದ್ಸಲ ಬಾ ಅಂದ್ರೂ ನಾ ಕಾಣೆ" ಎನ್ನುವವರು ಇನ್ನರ್ಧ. ಎರಡೂ ನಿಜ. ನಡೆಯುತ್ತದೆ, ಯಾಕೆಂದರೆ ನಿಮ್ಮ ಬದಲು ಇನ್ನೊಬ್ಬರು ಮಾತಾಡುತ್ತಿರುತ್ತಾರೆ. ಹಾಗೆ ಮಾತಾಡುವವರು ಯಾರು, ಅವರು ಎಲ್ಲಿಯವರೆಗೆ ಜೊತೆಗಿರುತ್ತಾರೆ, ಅವರಿಲ್ಲದ ಗಳಿಗೆಯಲ್ಲಿ ಏನಾಗುತ್ತದೆ ಎಂಬುದನ್ನು ನೋಡದೆ ಸುಲಭ, ಕಷ್ಟ ಎಂದು ತೀರ್ಮಾನ ಹೇಳುವಂತಿಲ್ಲ.

ಕನ್ನಡದ ಪ್ರವಾಸ ಸಾಹಿತ್ಯದಲ್ಲಿ ಉತ್ತರ ಹುಡುಕಿದರೆ ಹೆಚ್ಚೇನೂ ಸಿಗದು. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು 'ಅಪರವಯಸ್ಕನ ಅಮೆರಿಕಾ ಯಾತ್ರೆ' ಬರೆದರು. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಬ್ಬರೂ ಇಳಿವಯಸ್ಸಿನಲ್ಲಿ ಹೋಗಿಬಂದವರು, ಕಣ್ಣರಳಿಸಿ ನೋಡಿದವರು, ನಗಿಸುತ್ತಲೇ ಬರೆದವರು. ಆದರೆ ಮೂರ್ತಿರಾಯರು ಇಂಗ್ಲಿಷ್ ಪಾಠ ಹೇಳಿದ ಮೇಷ್ಟ್ರು, ಗೊರೂರರಿಗೂ ಇಂಗ್ಲಿಷ್ ಬರುತ್ತಿತ್ತು. ಇಂಗ್ಲಿಷ್ ಬಾರದವರು ಹೋಗಿಬಂದು ಬರೆದ ಪುಸ್ತಕ ನಮ್ಮಲ್ಲಿ ಅಪರೂಪ. ಅವರ ಅನುಭವ ಇರುವುದೆಲ್ಲ ಜಗಲಿಯ ಮಾತಿನಲ್ಲಿ, ಮದುವೆ ಮನೆಯ ಹರಟೆಯಲ್ಲಿ.

ಭಾಷೆ ಬಲ್ಲವರಿಗೂ ಎಡವಟ್ಟು ತಪ್ಪಿದ್ದಲ್ಲ ಅನ್ನಿ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಓದಿದವರು, ಫುಲ್‌ಬ್ರೈಟ್ ವಿದ್ವಾಂಸರು, ಇಂಗ್ಲಿಷಿನಲ್ಲಿ ಯಾರಿಗೂ ಕಡಿಮೆಯಿಲ್ಲದವರು. ವಿದೇಶಾಂಗ ಸಚಿವರಾಗಿ 2011ರ ಫೆಬ್ರುವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕೂತು ಪೋರ್ಚುಗಲ್ ಸಚಿವರ ಭಾಷಣದ ಪ್ರತಿಯನ್ನು ಕೆಲ ನಿಮಿಷ ಓದಿಬಿಟ್ಟರು. ಪಕ್ಕದಲ್ಲಿದ್ದ ನಮ್ಮ ರಾಯಭಾರಿ ಎಚ್ಚರಿಸಿ ಸರಿಯಾದ ಹಾಳೆ ಕೊಟ್ಟರು. ಹಾಳೆ ತಿದ್ದಿಕೊಡುವ ಒಬ್ಬರು ಪಕ್ಕದಲ್ಲಿರಬೇಕು ಎಂಬುದು ವಿದೇಶಾಂಗ ಸಚಿವರಿಗೂ ತಪ್ಪಲಿಲ್ಲ.

ಬಾಣಂತನಕ್ಕೆ ಹೊರಟ ತಾಯಿಯ ಕೈಯಲ್ಲೂ ಒಂದು ಹಾಳೆ ಇರುತ್ತದೆ. ಮಗ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದು, ಮಂಡ್ಯದ ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಅಕ್ಷರದಲ್ಲಿ ತೆಗೆಸಿ ಲ್ಯಾಮಿನೇಷನ್ ಮಾಡಿಸಿದ್ದು. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ನನಗೆ ಇಂಗ್ಲಿಷ್ ಬರುವುದಿಲ್ಲ. ಮುಂದಿನ ವಿಮಾನದ ಗೇಟ್ ಎಲ್ಲಿ? ಕುಡಿಯಲು ನೀರು ಬೇಕು. ಬಚ್ಚಲುಮನೆ ಎಲ್ಲಿ? ಮಗಳನ್ನು ನೋಡಲು ಬಂದಿದ್ದೇನೆ, ಆರು ತಿಂಗಳಲ್ಲಿ ವಾಪಸು ಹೋಗುತ್ತೇನೆ. ಕೊನೆಗೆ ಮಗಳ ಮನೆ ವಿಳಾಸ, ಫೋನ್ ನಂಬರು. ಎಲೆಅಡಿಕೆ ಚೀಲದಲ್ಲಿ ಪಾಸ್‌ಪೋರ್ಟಿನ ಜೊತೆ ಮಡಗಿಕೊಂಡು, ಯಾವ ಸಾಲನ್ನು ಯಾವಾಗ ಬೆರಳಿಟ್ಟು ತೋರಿಸಬೇಕೆಂದು ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ.

ಅದಕ್ಕಿಂತ ದೊಡ್ಡ ಉಪಾಯ ವೀಲ್‌ಚೇರ್. ಟಿಕೆಟ್ ತೆಗೆಯುವಾಗಲೇ ಮಕ್ಕಳು ಅದನ್ನು ಬರೆಸಿಬಿಡುತ್ತಾರೆ. ವಿಮಾನಯಾನ ಸಂಸ್ಥೆಗಳು ಪುಕ್ಕಟೆ ಕೊಡುವ ಸೌಲಭ್ಯ. ಕಾಲಿಗೇನೂ ಆಗಿರುವುದಿಲ್ಲ. ಹಿಂದಿನ ವಾರದವರೆಗೆ ನಾಟಿ ಗದ್ದೆಯಲ್ಲಿ ಬಗ್ಗಿದವರು, ಹುಲ್ಲಿನ ಹೊರೆ ಹೊತ್ತವರು ಫ್ರಾಂಕ್‌ಫರ್ಟಿನಲ್ಲೋ ದುಬೈಯಲ್ಲೋ ಕುರ್ಚಿಯಲ್ಲಿ ಕೂತು ತಳ್ಳಿಸಿಕೊಳ್ಳುತ್ತಾರೆ. ತಳ್ಳುವವನಿಗೆ ಗೇಟು ಗೊತ್ತು, ಇಮಿಗ್ರೇಷನ್ ಸಾಲು ಗೊತ್ತು, ಹೊರಗೆ ಕಾಯುತ್ತಿರುವ ಮಗಳ ಕೈಗೆ ಒಪ್ಪಿಸುವುದೂ ಅವನ ಕೆಲಸ. ಮಾತೇ ಬೇಕಿಲ್ಲ. ಭಾರತದ ವಿಮಾನಗಳಿಗೆ ವೀಲ್‌ಚೇರಿನ ಉದ್ದ ಸಾಲು ನಿಲ್ಲುತ್ತದೆ ಎಂದು ಪತ್ರಿಕೆಗಳಲ್ಲಿ ಹಾಸ್ಯ ಮಾಡಿದ್ದೂ ಆಗಿದೆ, ನಿಜವಾಗಿ ಕಾಲಿಲ್ಲದವರು ಅದರಿಂದ ಕಾಯಬೇಕಾಗುತ್ತದೆ ಎಂಬ ದೂರೂ ಇದೆ. ದೂರು ನ್ಯಾಯವಾದದ್ದೇ. ಆದರೆ ಭಾಷೆ ಬಾರದವರನ್ನು ಕೈಹಿಡಿದು ನಡೆಸುವ ಬೇರೆ ಏರ್ಪಾಡಿನ ಹೆಸರು ಮಕ್ಕಳಿಗೂ ಗೊತ್ತಿರುವುದಿಲ್ಲ, ಏಜೆಂಟನಿಗೂ ಗೊತ್ತಿರುವುದಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನ ಶುರು ಮಾಡಿದಾಗ ಇಂಥ ಮನೆಗಳಲ್ಲಿ ಸಂತೋಷಪಟ್ಟಿದ್ದು ಸಮಯ ಉಳಿಯಿತೆಂದಲ್ಲ, ನಡುವೆ ಇಳಿದು ಹತ್ತುವುದು ತಪ್ಪಿತೆಂದು. ಊಟಕ್ಕೂ ಹೀಗೇ ಮುಂಚಿತ ವ್ಯವಸ್ಥೆ ಇದೆ. ಟಿಕೆಟ್ಟಿನಲ್ಲೇ 'ಹಿಂದೂ ಮೀಲ್' ಎಂದು ಹಾಕಿಸಿದರೆ ದನದ ಮಾಂಸ ಇರುವುದಿಲ್ಲ, ಆದರೆ ಕೋಳಿಯೋ ಕುರಿಯೋ ಇರಬಹುದು. ಸೋಮವಾರ ಹಿಡಿಯುವವರು ಸಸ್ಯಾಹಾರ ಎಂದೇ ಬೇರೆ ಬರೆಸಬೇಕು.

ಕುರ್ಚಿ ತಳ್ಳುವವನು ಉತ್ತರ ಹೇಳಲಾಗದ ಜಾಗ ಒಂದಿದೆ, ಅದು ಕಸ್ಟಮ್ಸ್. ತಿನ್ನುವ ಪದಾರ್ಥ ಏನಾದರೂ ತಂದಿದ್ದೀರಾ ಎಂದು ಅಧಿಕಾರಿ ಕೇಳುತ್ತಾನೆ. ಏನು ಕೇಳಿದನೋ ತಿಳಿಯದೆ, ಇಲ್ಲ ಎಂದರೆ ಬಿಟ್ಟಾನು ಎಂದುಕೊಂಡು 'ನೋ' ಎನ್ನುತ್ತಾರೆ. ರಾಗಿಹಿಟ್ಟು ತಂದದ್ದು ಸಾಮಾನ್ಯವಾಗಿ ತಪ್ಪಲ್ಲ, ತಂದಿಲ್ಲ ಎಂದದ್ದು ತಪ್ಪು. ದಂಡ ಬೀಳುವುದು ಆ ಒಂದು ಮಾತಿಗೆ. ಹಸಿ ಕರಿಬೇವಂತೂ ಅಮೆರಿಕದೊಳಗೆ ಬರುವಂತಿಲ್ಲ. ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಮಾಡುವ ಕೀಟ ಅದರೊಡನೆ ಬರುತ್ತದೆ ಎಂಬುದು ಕಾರಣ. ಆಸ್ಟ್ರೇಲಿಯಾ ಈ ವಿಷಯದಲ್ಲಿ ಇನ್ನೂ ಬಿಗಿ.

ಬೀದಿ, ಅಂಗಡಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮದ್ದೂರು ಸ್ಟೇಷನ್ನಿನಲ್ಲಿ ವಡೆ ಮಾರುವವರು ದಿನಕ್ಕೆ ಹತ್ತು ಭಾಷೆಯ ಪ್ರಯಾಣಿಕರಿಗೆ ಬೆರಳಲ್ಲೇ ಲೆಕ್ಕ ಹೇಳಿ, ರೈಲು ಹೊರಡುವಷ್ಟರಲ್ಲಿ ಚಿಲ್ಲರೆ ಕೊಟ್ಟಿರುತ್ತಾರೆ. ವ್ಯಾಪಾರಕ್ಕೆ ಎರಡೂ ಕಡೆಯವರಿಗೆ ಅವಸರವಿದ್ದರೆ ಸಾಕು. ಅಮೆರಿಕದ ಸೂಪರ್ ಮಾರ್ಕೆಟ್ಟಿನಲ್ಲಿ ಅಷ್ಟೂ ಬೇಡ. ಬೆಲೆ ಬರೆದಿರುತ್ತದೆ, ಯಂತ್ರಕ್ಕೆ ತೋರಿಸಿ ದುಡ್ಡು ಕಟ್ಟಿ ಬರುವುದು. ನ್ಯೂಜೆರ್ಸಿಯ ಎಡಿಸನ್, ಕ್ಯಾಲಿಫೋರ್ನಿಯಾದ ಸನ್ನಿವೇಲ್, ಫ್ರೀಮಾಂಟ್‌ಗಳಲ್ಲಿ ಸೊಪ್ಪು, ಅವರೆಕಾಳು ಎಲ್ಲ ಸಿಗುವ ನಮ್ಮವರ ಅಂಗಡಿಗಳೇ ಇವೆ.

ಕಷ್ಟ ಇರುವುದು ಮನೆಯೊಳಗೆ, ಹಗಲು ಹೊತ್ತು. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಬೀದಿಯಲ್ಲಿ ನಾಯಿ ಹಿಡಿದುಕೊಂಡು ಹೋಗುವ ಒಬ್ಬರನ್ನು ಬಿಟ್ಟರೆ ನರಪಿಳ್ಳೆ ಇಲ್ಲ. "ಮಾತು ಬತ್ತಿಲ್ಲ ಅನ್ನೋದಿರ್ಲಿ ಕಣವ್ವ, ಮಾತಾಡಕೆ ಮನ್ಸರೇ ಸಿಕ್ಕಲ್ಲ" ಎಂದು ಮಳವಳ್ಳಿ ಕಡೆಯ ಒಬ್ಬಾಕೆ ನಮ್ಮ ಮನೆಯವರ ಹತ್ತಿರ ಹೇಳಿಕೊಂಡರು. ಊರಲ್ಲಿ ನಾಲ್ಕು ಜನರ ಜಗಳ ಬಿಡಿಸುತ್ತಿದ್ದವರು, ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡಿಕೊಳ್ಳುತ್ತಿದ್ದವರು ಆಕೆ. ಅಲ್ಲಿ ಬಾಗಿಲು ತಟ್ಟಿದ ಪಾರ್ಸೆಲ್ ಹುಡುಗನಿಗೆ ಏನು ಹೇಳಬೇಕೆಂದು ತಿಳಿಯದೆ ಪರದೆ ಹಿಂದೆ ನಿಂತರಂತೆ. ಭಾಷೆ ಹೋದರೆ ಹೋಗುವುದು ಬರೀ ಸುದ್ದಿಯಲ್ಲ, ಮನೆಯ ಹಿರಿತನವೂ ಜೊತೆಗೆ ಹೋಗುತ್ತದೆ. ಐದು ವರ್ಷದ ಮೊಮ್ಮಗ ಅಜ್ಜಿಗೆ ದುಭಾಷಿ. ಅವನಿಗೆ ಮನಸ್ಸಿದ್ದರೆ ಹೇಳುತ್ತಾನೆ, ಇಲ್ಲದಿದ್ದರೆ ಇಲ್ಲ.

ಇದಕ್ಕೆ ಅವರೇ ಕಂಡುಕೊಂಡ ಮದ್ದೂ ಇದೆ. ಪಾರ್ಕಿನ ಬೆಂಚು. ಸಂಜೆ ಅಲ್ಲಿ ಗುಂಟೂರಿನವರು, ಸೇಲಂನವರು, ಸೂರತ್ತಿನವರು ಸೇರುತ್ತಾರೆ. ತೆಲುಗಿನ ಅಜ್ಜ ತೆಲುಗಲ್ಲಿ, ಮದ್ದೂರಿನ ಅಜ್ಜ ಕನ್ನಡದಲ್ಲಿ, ಇಬ್ಬರಿಗೂ ಅಷ್ಟಿಷ್ಟು ತಿಳಿಯುತ್ತದೆ. ಮಂಡ್ಯದಲ್ಲಿ ಅರವತ್ತು ವರ್ಷ ಇದ್ದು ಕಲಿಯದ ತೆಲುಗನ್ನು ಟೆಕ್ಸಾಸಿನಲ್ಲಿ ಕಲಿತು ಬಂದವರಿದ್ದಾರೆ. ಕನ್ನಡ ಕೂಟಗಳೂ ಹಳೆಯವೇ. ವಾಷಿಂಗ್ಟನ್ ಕಡೆ 'ಕಾವೇರಿ', ನ್ಯೂಜೆರ್ಸಿಯಲ್ಲಿ 'ಬೃಂದಾವನ', ಶಿಕಾಗೊದಲ್ಲಿ 'ವಿದ್ಯಾರಣ್ಯ'. ಉತ್ತರ ಕ್ಯಾಲಿಫೋರ್ನಿಯಾದ ಕೂಟ ಹುಟ್ಟಿದ್ದು 1973ರಲ್ಲಿ, ಇವುಗಳ ಒಕ್ಕೂಟ 'ಅಕ್ಕ' 1998ರಲ್ಲಿ. ಯುಗಾದಿ, ರಾಜ್ಯೋತ್ಸವಕ್ಕೆ ನಾಟಕ, ಹೋಳಿಗೆ ಎಲ್ಲ ಸೊಗಸಾಗಿ ಮಾಡುತ್ತಾರೆ. ಮಂಗಳವಾರ ಮಧ್ಯಾಹ್ನ ಮನೆಯಲ್ಲಿ ಒಬ್ಬರೇ ಕೂತ ಅಜ್ಜಿಗೆ ಫೋನು ಮಾಡಿ ಅರ್ಧ ಗಂಟೆ ಮಾತಾಡಿಸುವ ಕೆಲಸವನ್ನೂ ಅವರು ಹಚ್ಚಿಕೊಂಡರೆ ಹೋಳಿಗೆಗಿಂತ ಹೆಚ್ಚು ಉಪಕಾರವಾದೀತು.

ಎಲ್ಲಕ್ಕಿಂತ ಜೋಪಾನವಾಗಿರಬೇಕಾದ ಜಾಗ ಆಸ್ಪತ್ರೆ. ಹೆರಿಗೆಗೆಂದು ಹೋದ ತಾಯಿಗೆ ಅಲ್ಲಿ ಮಗಳೇ ಬಾಯಿ. ಆ ಮಗಳೇ ನೋವು ತಿನ್ನುತ್ತಿರುವಾಗ ನರ್ಸು ಬಂದು ಏನೋ ಕೇಳುತ್ತಾಳೆ, ತಾಯಿ 'ಹೂಂ' ಎನ್ನುತ್ತಾರೆ. ಈ ಹೂಂಗುಟ್ಟುವಿಕೆ ನಮ್ಮಲ್ಲಿ ಮರ್ಯಾದೆ. ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ ಎಂದಷ್ಟೇ ಅರ್ಥ. ಅಲ್ಲಿ ಅದನ್ನು ಒಪ್ಪಿಗೆ ಎಂದುಕೊಂಡಾರು. ಇನ್ನು ನಮ್ಮ ತಲೆಯಾಡಿಸುವಿಕೆಯನ್ನು ನೋಡಿದವರಿಗೆ ಹೌದೋ ಅಲ್ಲವೋ ಎಂದೇ ತಿಳಿಯುವುದಿಲ್ಲ. ಭಾಷೆ ಬಾರದವರಿಗೆ ಮೊದಲು ಕಲಿಸಬೇಕಾದ್ದು ಗುಡ್ ಮಾರ್ನಿಂಗ್ ಅಲ್ಲ, ನನಗೆ ಅರ್ಥವಾಗಲಿಲ್ಲ ಎಂಬ ಮಾತು.

ಹೋದ ಹಿರಿಯರಿಗೇ ಮೈ ಸರಿಯಿಲ್ಲದಾಗ ಇನ್ನೊಂದು ತೊಡಕು. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆಗಳನ್ನು ಆರು ತಿಂಗಳಿಗಾಗುವಷ್ಟು ಮಂಡ್ಯದಿಂದಲೇ ಒಯ್ದಿರುತ್ತಾರೆ. ಡಬ್ಬಿಯ ಮೇಲಿರುವುದು ಇಲ್ಲಿನ ಕಂಪನಿಯ ಹೆಸರು, ಅಲ್ಲಿನ ಡಾಕ್ಟರಿಗೆ ಅದು ಗೊತ್ತಿಲ್ಲ. ಡೋಲೊ ಎಂದರೆ ಅಲ್ಲಿ ಯಾರಿಗೂ ತಿಳಿಯದು. ಪ್ಯಾರಾಸಿಟಮಾಲ್ ಎಂದರೂ ಅಮೆರಿಕದಲ್ಲಿ ತಬ್ಬಿಬ್ಬು, ಅಲ್ಲಿ ಅದೇ ಮದ್ದಿಗೆ ಅಸಿಟಮಿನೊಫೆನ್ ಎಂದು ಹೆಸರು. ಹೊರಡುವ ಮುಂಚೆ ನಮ್ಮ ಡಾಕ್ಟರ ಕೈಲಿ ಮಾತ್ರೆಯ ಮೂಲ ಹೆಸರು, ಪ್ರಮಾಣ, ಯಾವ ಕಾಯಿಲೆಗೆ ಎಂದು ಟೈಪ್ ಮಾಡಿಸಿಕೊಂಡು ಹೋಗುವುದು ಲ್ಯಾಮಿನೇಷನ್ ಹಾಳೆಗಿಂತ ಮುಖ್ಯ.

ದುಭಾಷಿಯನ್ನು ಕೇಳಿ ಪಡೆಯುವ ಹಕ್ಕು ಇದೆ ಎಂಬುದು ಹೋಗುವವರಿಗಿರಲಿ, ಕರೆಸಿಕೊಳ್ಳುವ ಮಕ್ಕಳಿಗೂ ಗೊತ್ತಿರುವುದಿಲ್ಲ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ಪುಕ್ಕಟೆ ದುಭಾಷಿಯನ್ನು ಒದಗಿಸಬೇಕು. ಸಾಮಾನ್ಯವಾಗಿ ಫೋನಿನಲ್ಲೋ ವಿಡಿಯೊದಲ್ಲೋ ಕೊಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಇಂಗ್ಲಿಷನ್ನು ಅಧಿಕೃತ ಭಾಷೆ ಎಂದು ಸಾರಿದ ಅಧ್ಯಕ್ಷರ ಆದೇಶ ಹೊರಟಿತು, ಇತರ ಭಾಷಿಕರಿಗೆ ನೆರವಾಗಬೇಕೆಂದಿದ್ದ 2000ದ ಆದೇಶ ರದ್ದಾಯಿತು. ಕಾಯ್ದೆ ಮಾತ್ರ ಹಾಗೇ ಇದೆ. ಆಸ್ಟ್ರೇಲಿಯಾದಲ್ಲಿ ಸರ್ಕಾರವೇ ನಡೆಸುವ ಫೋನ್ ದುಭಾಷಿ ಸೇವೆ 1973ರಿಂದ ಇದೆ, ನಂಬರು 131 450. ಎರಡೂ ಕಡೆ ಭಾಷೆಯ ಹೆಸರನ್ನು ನಾವೇ ಬಿಡಿಸಿ ಹೇಳಬೇಕು. 'ಇಂಡಿಯನ್' ಎಂದು ಸುಮ್ಮನಾದರೆ ಹಿಂದಿಯವರನ್ನು ಕರೆದು ಕೊಡುತ್ತಾರೆ. ಅಲ್ಲಿಗೆ ಮಂಡ್ಯದ ಅಜ್ಜಿಗೆ ಎರಡು ಅನ್ಯಭಾಷೆ ಎದುರಾದಂತಾಯಿತು.

ಆಸ್ಟ್ರೇಲಿಯಾದ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಅಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕುವವರು 'ನಾಟಿ' ಎಂಬ ಸಂಸ್ಥೆಯ ಭಾಷಾ ಪರೀಕ್ಷೆ ಪಾಸಾದರೆ 5 ಅಂಕ ಹೆಚ್ಚು ಸಿಗುತ್ತದೆ, ಆ ಭಾಷೆಗಳಲ್ಲಿ ಕನ್ನಡವೂ ಒಂದು. 1962ರಲ್ಲಿ ಶುರುವಾದ ಮಂಡ್ಯದ ಪಿ.ಇ.ಎಸ್. ಕಾಲೇಜಿನಂಥ ಕಡೆ ಇಂಜಿನಿಯರಿಂಗ್ ಓದಿ, ಇಂಗ್ಲಿಷಿಗಾಗಿ ಬೆವರು ಹರಿಸಿ ಹೋದ ಹುಡುಗರು ಅಲ್ಲಿ ಕೂತು 'ರೋಗನಿರೋಧಕ ಶಕ್ತಿ', 'ಜಾಮೀನು' ಎಂದೆಲ್ಲ ಕನ್ನಡ ಪದ ಉರು ಹೊಡೆಯುತ್ತಾರೆ.

ಈ ಇಂಜಿನಿಯರುಗಳೂ ಜರ್ಮನಿಗೋ ಜಪಾನಿಗೋ ಹೋದರೆ ಅವ್ವನ ಸ್ಥಿತಿಗೇ ಬರುತ್ತಾರೆ. ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆ. ಮನೆ ಬಾಡಿಗೆ ಕರಾರು, ತೆರಿಗೆ ಕಾಗದ, ವಿದೇಶಿಯರ ನೋಂದಣಿ ಕಚೇರಿಯ ಪತ್ರ ಎಲ್ಲ ಬರುವುದು ಅಲ್ಲಿನ ಭಾಷೆಯಲ್ಲಿ. ಫೋನಿನಲ್ಲಿ ಫೋಟೊ ಹೊಡೆದು ಇಂಗ್ಲಿಷಿಗೆ ತಿರುಗಿಸಿಕೊಂಡು ಓದುತ್ತಾರೆ, ಕಾಲ ತಳ್ಳುತ್ತಾರೆ.

ಕೊಲ್ಲಿಯದು ಬೇರೆಯೇ ಲೋಕ. ಅಲ್ಲಿಗೆ ಹೋಗುವವರಲ್ಲಿ ಕರಾವಳಿಯವರು ಹೆಚ್ಚು, ನಮ್ಮ ಕಡೆಯವರು ಕಡಿಮೆ. ಹೋದವರು ಡ್ರೈವರುಗಳು, ಎ.ಸಿ. ಮೆಕ್ಯಾನಿಕ್ಕುಗಳು, ನರ್ಸುಗಳು. ಅಲ್ಲಿ ಅರಬ್ಬಿಗಿಂತ ಮೊದಲು ಬಾಯಿಗೆ ಹತ್ತುವುದು ಹಿಂದಿ, ಆಮೇಲೆ ಮಲಯಾಳ. ಒಂದು ವರ್ಷದಲ್ಲಿ ಎರಡನ್ನೂ ಕಲಸಿ ಮಾತಾಡುತ್ತಾರೆ. ಹಾಗಾಗಿ ಬೀದಿಯಲ್ಲಿ, ರೂಮಿನಲ್ಲಿ ಅವರಿಗೆ ಅಜ್ಜಿಯರಷ್ಟು ಕಷ್ಟವಿಲ್ಲ. ಆದರೆ ಅವರು ಮಗಳ ಮನೆಗೆ ಹೋದವರಲ್ಲ, ರುಜು ಹಾಕಿ ಹೋದವರು. ಸಮಸ್ಯೆ ಇರುವುದು ಆ ರುಜುವಿನಲ್ಲಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟು 'ಇ.ಸಿ.ಆರ್.' ಎಂದಾಗುತ್ತದೆ. 1983ರ ವಲಸೆ ಕಾಯ್ದೆಯಂತೆ ಕೊಲ್ಲಿ ರಾಷ್ಟ್ರಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಅಂಥವರು ಸರ್ಕಾರದ ಅನುಮತಿ ಪಡೆಯಬೇಕು. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗನಿಗೆ ಅದೊಂದು ಅಡ್ಡಿ ಎನ್ನಿಸುತ್ತದೆ, ಏಜೆಂಟನೂ ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ ಬಾ ಎನ್ನುತ್ತಾನೆ. ಕರಾರಿನ ಕಾಗದ ಪರೀಕ್ಷೆಯಾಗುವ ಒಂದೇ ಒಂದು ಬಾಗಿಲು ಅಲ್ಲಿಗೆ ತಪ್ಪಿಹೋಯಿತು.

ಯುಎಇ 2016ರಿಂದ ಒಂದು ಒಳ್ಳೆಯ ನಿಯಮ ತಂದಿದೆ. ಕೆಲಸದ ಆಫರ್ ಪತ್ರ ಅರಬ್ಬಿ, ಇಂಗ್ಲಿಷಿನ ಜೊತೆಗೆ ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು, ಅವನು ಓದಿ ರುಜು ಹಾಕಬೇಕು. ಅದಕ್ಕಾಗಿ ಒಟ್ಟು 11 ಭಾಷೆಗಳ ಪಟ್ಟಿ ಮಾಡಿದರು. ಹಿಂದಿ, ಉರ್ದು, ಬಂಗಾಳಿ, ತಮಿಳು, ಮಲಯಾಳ ಅದರಲ್ಲಿವೆ. ನೇಪಾಳಿ, ಸಿಂಹಳವೂ ಇವೆ. ಕನ್ನಡ ಇಲ್ಲ. ಮಂಡ್ಯದ ಡ್ರೈವರ್ ತನಗೆ ಓದಲು ಬಾರದ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಓದಿದೆನೆಂದು ರುಜು ಹಾಕುತ್ತಾನೆ. ರಾಜ್ಯ ಸರ್ಕಾರದಲ್ಲಿ ಅನಿವಾಸಿ ಭಾರತೀಯರಿಗೆಂದೇ ಒಂದು ಸಮಿತಿ ಇದೆ. ಪಟ್ಟಿಗೆ ಕನ್ನಡ ಸೇರಿಸಿ ಎಂದು ದಿಲ್ಲಿಯ ಮೂಲಕ ಒತ್ತಾಯಿಸುವುದಕ್ಕಿಂತ ನೇರವಾದ ಕೆಲಸ ಅದಕ್ಕೆ ಇನ್ನೊಂದಿಲ್ಲ.

ಫೋನು ಇದನ್ನೆಲ್ಲ ಪರಿಹರಿಸಿಬಿಡುತ್ತದೆ ಎಂದು ನಂಬಿದವರಿದ್ದಾರೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರ ಜೂನ್‌ನಲ್ಲಿ. ಈಗ ಬಾಯಲ್ಲಿ ಹೇಳಿದರೆ ಅದು ಇಂಗ್ಲಿಷಿನಲ್ಲಿ ನುಡಿಯುತ್ತದೆ, ಮೊದಲೇ ಭಾಷೆ ಇಳಿಸಿಕೊಂಡಿದ್ದರೆ ಬರೆದದ್ದನ್ನು ಇಂಟರ್ನೆಟ್ ಇಲ್ಲದೆಯೂ ತಿರುಗಿಸುತ್ತದೆ. ಫಲಕ ಓದಲು, ದಾರಿ ಕೇಳಲು ನಿಜಕ್ಕೂ ಉಪಕಾರಿ. ಆದರೆ ಅದಕ್ಕೆ ತಿಳಿಯುವುದು ಪುಸ್ತಕದ ಕನ್ನಡ. 'ಹ'ಕಾರ ನುಂಗಿ, ಪದಕ್ಕೆ ಪದ ಅಂಟಿಸಿ ಮಾತಾಡುವ ನಮ್ಮ ಹಳ್ಳಿಯ ಮಾತಿಗೆ ಅದು ತಡವರಿಸುತ್ತದೆ. ಎದೆಯಲ್ಲಿ ಇರಿದಂಗಾಯ್ತದೆ, ಹೊಟ್ಟೆ ತೊಳಸ್ತದೆ ಎಂಬುದನ್ನು ಯಂತ್ರಕ್ಕೆ ಒಪ್ಪಿಸಿ ಡಾಕ್ಟರ ಮುಂದೆ ಕೂರುವ ಧೈರ್ಯ ನನಗಿಲ್ಲ.

ಇದೇ ಜಿಲ್ಲೆಗೆ ಭಾಷೆ ಬಾರದೆ ಬಂದವರ ಕಥೆಯೂ ಉಂಟು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿತು. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್, ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಗಳವು. ಯೋಜನೆ ಹಾಕಿದವರು ಕೆನಡಾ ಮೂಲದ ಜೋಲಿ ದ ಲಾಟ್‌ಬಿನಿಯರ್. ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬರಲು ಕಾರಣರಾದ ಲೆಸ್ಲಿ ಕೋಲ್ಮನ್ ಕೂಡ ಕೆನಡಾದವರೇ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದು, ಕೃಷಿ ಇಲಾಖೆಯ ನಿರ್ದೇಶಕರಾಗಿ, ನಾಲೆ ಬಯಲಿನಲ್ಲಿ ಕಬ್ಬು ಬೇರೂರುವುದನ್ನು ಕಂಡವರು. ಆ ಕಾರ್ಖಾನೆ, ಮೈಷುಗರ್, 1933ರದ್ದು. ಇವರು ಎಷ್ಟು ಕನ್ನಡ ಕಲಿತರೋ ಬಿಟ್ಟರೋ, ಕಲಿಯದಿದ್ದರೂ ಕೆಲಸ ನಿಲ್ಲುತ್ತಿರಲಿಲ್ಲ. ಕನ್ನಡ ಬಲ್ಲ ಒಂದು ಇಲಾಖೆಯೇ ಅವರ ಹಿಂದೆ ನಡೆದುಬರುತ್ತಿತ್ತು. ಸಾಹೇಬನಿಗೆ ಭಾಷೆ ಬಾರದಿದ್ದರೆ ಊರು ಇಂಗ್ಲಿಷ್ ಕಲಿಯುತ್ತದೆ.

ಈಗ ಬರುವವರು ಸಾಹೇಬರಲ್ಲ. ನಮ್ಮ ಆಲೆಮನೆಗಳಲ್ಲಿ ಗಾಣಕ್ಕೆ ಕಬ್ಬು ಕೊಡುವವರು, ಕೊಪ್ಪರಿಗೆಯ ಮುಂದೆ ನಿಂತು ಪಾಕ ತಿರುವುವವರು ಎಷ್ಟೋ ಕಡೆ ಉತ್ತರ ಪ್ರದೇಶ, ಬಿಹಾರದವರು. 2023ರ ಮಾರ್ಚ್‌ನಲ್ಲಿ ಮದ್ದೂರಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಉದ್ಘಾಟಿಸಿದ ಬೆಂಗಳೂರು–ಮೈಸೂರು ಹೆದ್ದಾರಿಗೆ ಕಲ್ಲು ಹಾಸಿದವರಲ್ಲೂ ಹಿಂದಿಯವರು ಬಹಳ. ಅವರಿಗೆ ಮಂಡ್ಯವೇ ಪರದೇಶ. ಆಲೆಮನೆ ಯಜಮಾನ 'ಜಲ್ದಿ', 'ಪಾನಿ', 'ಕಲ್ ಆವೋ' ಕಲಿತಿದ್ದಾನೆ, ಅವರು 'ಬೆಲ್ಲ', 'ಸೌದೆ', 'ಊಟ', 'ದುಡ್ಡು' ಕಲಿತಿದ್ದಾರೆ. ಕೆಲಸಕ್ಕೆ ಸಾಲುತ್ತದೆ. ಕುದಿಯುವ ಪಾಕ ಕೈಮೇಲೆ ಬಿದ್ದ ದಿನ ಸಾಲುವುದಿಲ್ಲ. ಆಸ್ಪತ್ರೆಯ ಚೀಟಿ ಕನ್ನಡದಲ್ಲಿ, ನರ್ಸಮ್ಮನ ಪ್ರಶ್ನೆ ಕನ್ನಡದಲ್ಲಿ. ಜೊತೆಗೆ ಹೋದ ಮೇಸ್ತ್ರಿ ಎಷ್ಟು ಹೇಳಿದರೆ ತನಗೆ ತೊಂದರೆಯಿಲ್ಲವೋ ಅಷ್ಟನ್ನು ಹೇಳುತ್ತಾನೆ. ಅವನು ಕೂಲಿ ಕೊಡುವ ಕಡೆಯವನು. ಸುಟ್ಟದ್ದು ಹೇಗೆ, ಎಷ್ಟು ಹೊತ್ತಾಯಿತು, ಮುಂಚೆ ಏನಾದರೂ ಕಾಯಿಲೆ ಇತ್ತೇ ಎಂಬುದಕ್ಕೆ ಗಾಯಾಳುವಿನ ಬಾಯಿಂದ ಬಂದ ಉತ್ತರ ಡಾಕ್ಟರಿಗೆ ಮುಟ್ಟಿತೆಂದು ಹೇಳುವಂತಿಲ್ಲ. ಅದಕ್ಕೇ ಅಮೆರಿಕದಲ್ಲಿ ರೋಗಿಯ ಜೊತೆಗೆ ಬಂದವರನ್ನೇ ದುಭಾಷಿಯಾಗಿ ನೆಚ್ಚಿಕೊಳ್ಳಬಾರದು ಎನ್ನುವುದು. ಡಲ್ಲಾಸ್‌ನ ಆಸ್ಪತ್ರೆಯಲ್ಲಿ ಮದ್ದೂರಿನ ತಾಯಿಗೆ ಸಿಗುವ ಫೋನ್ ದುಭಾಷಿಯ ಸೌಕರ್ಯವನ್ನು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಹಾರದ ಕೂಲಿಯ ಹೆಂಡತಿಗಾಗಿ ಯಾರೂ ಇಟ್ಟದ್ದನ್ನು ನಾನು ಕಂಡಿಲ್ಲ, ಇಡಿ ಎಂದು ನಮ್ಮವರು ಯಾರೂ ಕೇಳಿದ್ದನ್ನೂ ಕಂಡಿಲ್ಲ.